ಎರಡನೇ ಸ್ಥಾನದಲ್ಲಿ ಯಾರಿದ್ದಾರೆ? ಬ್ರಿಟನ್ನಿನಲ್ಲಿ ಲೆಕ್ಕ ಹಾಕಿ ಮತ ಹಾಕುವ ಬಗೆ

2019ರ ಡಿಸೆಂಬರ್ 12ರ ಬ್ರಿಟಿಷ್ ಚುನಾವಣೆ. ಲಂಡನ್ನಿನ ಕೆನ್ಸಿಂಗ್ಟನ್ ಕ್ಷೇತ್ರದಲ್ಲಿ ಕನ್ಸರ್ವೇಟಿವ್ ಅಭ್ಯರ್ಥಿಗೆ 16,768 ಮತ, ಲೇಬರ್‌ಗೆ 16,618, ಲಿಬರಲ್ ಡೆಮಾಕ್ರಾಟ್‌ಗೆ 9,312. ಸೋಲು ಗೆಲುವಿನ ನಡುವೆ ಬರೀ 150 ಮತ. ಬ್ರೆಕ್ಸಿಟ್ (ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡುವುದು) ಬೇಡ, ಕೊನೆಗೆ ಇನ್ನೊಂದು ಜನಮತಗಣನೆಯಾದರೂ ಆಗಲಿ ಎಂದವರ ಮತ ಅಲ್ಲಿ ಎರಡು ಪಾಲಾಯಿತು. ಬ್ರೆಕ್ಸಿಟ್ ಮುಗಿಸಿಬಿಡುತ್ತೇವೆ ಎಂದ ಪಕ್ಷ ಗೆದ್ದಿತು. ಮತ ಒಡೆಯುವುದು ಎಂದರೆ ಏನು ಅಂತ ಕರ್ನಾಟಕದವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಆದರೆ ಬ್ರಿಟನ್ನಿನ ಮತದಾರ ಇದನ್ನು ತಡೆಯಲು ತಾನೇ ಪೆನ್ಸಿಲ್ಲು ಕಾಗದ ಹಿಡಿದು ಕೂರುತ್ತಾನೆ. ಅಲ್ಲಿ ಅದಕ್ಕೆ ಟ್ಯಾಕ್ಟಿಕಲ್ ವೋಟಿಂಗ್ ಎನ್ನುತ್ತಾರೆ. ಇಲ್ಲಿ ಲೆಕ್ಕಾಚಾರದ ಮತ ಎನ್ನೋಣ.

ಇದು ದೂರದ ಊರಿನ ಕುತೂಹಲವಷ್ಟೇ ಅಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಬ್ರಿಟನ್ನಿನಲ್ಲಿ ವಾಸವಿದ್ದು, ಅಲ್ಲಿರಲು ಕಾನೂನುಬದ್ಧ ಅನುಮತಿ ಇರುವ 18 ದಾಟಿದ ಭಾರತೀಯ ಪ್ರಜೆ ಅಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಬ್ರಿಟಿಷ್ ಪೌರತ್ವ ಬೇಕಿಲ್ಲ, ವಿದ್ಯಾರ್ಥಿ ವೀಸಾ, ಕೆಲಸದ ವೀಸಾ ಸಾಕು. 2016ರ ಜೂನ್ 23ರ ಬ್ರೆಕ್ಸಿಟ್ ಜನಮತಗಣನೆಯಲ್ಲೂ ಇವರಿಗೆ ಮತವಿತ್ತು. ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದ ಜರ್ಮನ್ ಅಥವಾ ಫ್ರೆಂಚ್ ಪ್ರಜೆಗೆ ಇರಲಿಲ್ಲ. ಹಾಗಾಗಿ ರೆಡಿಂಗ್‌ನಲ್ಲೋ ಮಿಲ್ಟನ್ ಕೀನ್ಸ್‌ನಲ್ಲೋ ಇರುವ ಕನ್ನಡಿಗರಿಗೆ ಇದು ಸೀದಾ ಉಪಯೋಗಕ್ಕೆ ಬರುವ ಲೆಕ್ಕ.

ಹೆಸರು ಪಟ್ಟಿಯಲ್ಲಿರಲಿ

ಲೆಕ್ಕವೆಲ್ಲ ಆಮೇಲೆ, ಮೊದಲು ನೋಂದಣಿ. ಸರ್ಕಾರದ ಜಾಲತಾಣದಲ್ಲಿ ಐದಾರು ನಿಮಿಷದ ಕೆಲಸ. ವಿಳಾಸ, ಹುಟ್ಟಿದ ದಿನಾಂಕ, ಪೌರತ್ವ ಮತ್ತು ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೇಳುತ್ತದೆ. ಕೊನೆಯ ದಿನ ಮತದಾನಕ್ಕೆ 12 ಕೆಲಸದ ದಿನಗಳ ಮುಂಚೆ ಬರುತ್ತದೆ. 2019ರಲ್ಲಿ ಅದು ನವೆಂಬರ್ 26 ಆಗಿತ್ತು. ಅಲ್ಲಿ ಚುನಾವಣೆ ಘೋಷಣೆಯಿಂದ ಮತದಾನದವರೆಗೆ ಐದಾರು ವಾರವಷ್ಟೇ. "ಆಮೇಲೆ ಮಾಡಿದರಾಯಿತು" ಎಂದವರು ಸಾಮಾನ್ಯವಾಗಿ ತಪ್ಪಿಸಿಕೊಳ್ಳುತ್ತಾರೆ.

ವಿದ್ಯಾರ್ಥಿಗಳು ಕಾಲೇಜಿನ ಊರು, ಮನೆಯ ಊರು ಎರಡೂ ಕಡೆ ಹೆಸರು ಸೇರಿಸಬಹುದು. ಆದರೆ ಸಂಸತ್ ಚುನಾವಣೆಯಲ್ಲಿ ಒಂದೇ ಕಡೆ ಮತ ಹಾಕಬೇಕು, ಎರಡೂ ಕಡೆ ಹಾಕಿದರೆ ಅಪರಾಧ. ಲೆಕ್ಕಾಚಾರದವರಿಗೆ ಇದು ವರ: ಎರಡು ಕ್ಷೇತ್ರಗಳಲ್ಲಿ ಯಾವುದರಲ್ಲಿ ಹಣಾಹಣಿ ಇದೆಯೋ ಅಲ್ಲಿ ಹಾಕಿ. ಮೂವತ್ತು ಸಾವಿರದ ಅಂತರವಿರುವ ಕ್ಷೇತ್ರದಲ್ಲಿ ನಿಮ್ಮ ಒಂದು ಮತ ಯಾವ ತಕ್ಕಡಿಯನ್ನೂ ಅಲ್ಲಾಡಿಸದು.

ನಿಮಗೆ ಬೇಕಾದದ್ದು ಏನು

ಇದನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. "ನನ್ನ ಪಕ್ಷ ಗೆಲ್ಲಲಿ" ಎನ್ನುವುದಾದರೆ ಈ ಬರಹ ನಿಮಗಲ್ಲ, ನೇರ ಹೋಗಿ ಹಾಕಿ ಬನ್ನಿ. "ಇಂಥದ್ದು ಆಗಬಾರದು" ಅಥವಾ "ಇಂಥದ್ದು ಆಗಲೇಬೇಕು, ಯಾರು ಮಾಡಿದರೂ ಸರಿ" ಎನ್ನುವುದಾದರೆ ಮಾತ್ರ ಮುಂದಕ್ಕೆ ಓದಿ.

2019ರಲ್ಲಿ ಈ ವಾಕ್ಯ ಬರೆಯುವುದೇ ಕಷ್ಟವಾಗಿತ್ತು. ಕನ್ಸರ್ವೇಟಿವ್ ಪಕ್ಷದ್ದು ಮೂರೇ ಪದ: ಗೆಟ್ ಬ್ರೆಕ್ಸಿಟ್ ಡನ್, ಬ್ರೆಕ್ಸಿಟ್ ಮುಗಿಸಿಬಿಡೋಣ. ಲಿಬರಲ್ ಡೆಮಾಕ್ರಾಟರು ತಮಗೆ ಬಹುಮತ ಬಂದರೆ ಆರ್ಟಿಕಲ್ 50ರಡಿ ಕೊಟ್ಟಿದ್ದ, ಒಕ್ಕೂಟ ಬಿಡುವ ನೋಟಿಸನ್ನೇ ಹಿಂಪಡೆದು ಬ್ರೆಕ್ಸಿಟ್ ರದ್ದು ಮಾಡುತ್ತೇವೆ ಎಂದರು. ಲೇಬರ್ ಮಾತ್ರ ಮೂರು ತಿಂಗಳಲ್ಲಿ ಹೊಸ ಒಪ್ಪಂದ, ಆರು ತಿಂಗಳಲ್ಲಿ ಮತ್ತೆ ಜನಮತಗಣನೆ ಎಂಬ ಉದ್ದನೆಯ ದಾರಿ ಹಿಡಿಯಿತು. "ಬ್ರೆಕ್ಸಿಟ್ ರದ್ದಾಗಲಿ" ಎಂಬುದು ನಿಮ್ಮ ವಾಕ್ಯವಾದರೆ ಲೇಬರ್ ಅರ್ಧಂಬರ್ಧ ಮಾತ್ರ ಹೊಂದುತ್ತಿತ್ತು. "ಮತ್ತೊಮ್ಮೆ ಜನರನ್ನು ಕೇಳಲಿ" ಎಂಬುದಾದರೆ ಲೇಬರ್, ಲಿಬ್ ಡೆಮ್ (ಲಿಬರಲ್ ಡೆಮಾಕ್ರಾಟ್), ಸ್ಕಾಟ್ಲೆಂಡಿನ ಎಸ್‌ಎನ್‌ಪಿ, ಗ್ರೀನ್, ವೇಲ್ಸ್‌ನ ಪ್ಲೈಡ್ ಕಮ್ರಿ ಎಲ್ಲವೂ ಒಂದೇ ಬುಟ್ಟಿಗೆ ಬೀಳುತ್ತಿದ್ದವು. ವಾಕ್ಯದಲ್ಲಿ ಒಂದು ಪದ ಬದಲಾದರೆ ಲೆಕ್ಕವೇ ಬದಲಾಗುತ್ತದೆ. ಸ್ಕಾಟ್ಲೆಂಡಿನಲ್ಲಂತೂ ಬ್ರೆಕ್ಸಿಟ್ ಜೊತೆ ಸ್ವಾತಂತ್ರ್ಯದ ಪ್ರಶ್ನೆಯೂ ಹೆಣೆದುಕೊಂಡಿತ್ತು. ಲಿಬ್ ಡೆಮ್ ನಾಯಕಿ ಜೋ ಸ್ವಿನ್ಸನ್ ತಮ್ಮ ಈಸ್ಟ್ ಡನ್‌ಬಾರ್ಟನ್‌ಶೈರ್‌ನಲ್ಲಿ 149 ಮತಗಳಿಂದ ಸೋತದ್ದು ಬ್ರೆಕ್ಸಿಟ್ ಪರ ಪಕ್ಷಕ್ಕಲ್ಲ, ಬ್ರೆಕ್ಸಿಟ್ ವಿರೋಧಿಯೇ ಆದ ಎಸ್‌ಎನ್‌ಪಿಗೆ.

ಇಡೀ ಲೆಕ್ಕ ನಿಂತಿರುವುದು ಇಲ್ಲಿ

650 ಕ್ಷೇತ್ರ, ಪ್ರತಿಯೊಂದರಲ್ಲೂ ಹೆಚ್ಚು ಮತ ಪಡೆದವರಿಗೆ ಗೆಲುವು, ಅರ್ಧಕ್ಕಿಂತ ಹೆಚ್ಚು ಬೇಕಂತಿಲ್ಲ. ನಮ್ಮದೇ ಪದ್ಧತಿ. ಈ ಪದ್ಧತಿಯಲ್ಲಿ ನೀವು ಸೋಲಿಸಬೇಕೆಂದಿರುವವರ ಎದುರು ನಿಜವಾಗಿ ಗೆಲ್ಲಬಲ್ಲವರು ಯಾರು ಎಂದು ಕಂಡುಹಿಡಿಯುವುದೇ ಮುಕ್ಕಾಲು ಕೆಲಸ. ಅದು ಸುಲಭ ಎಂದುಕೊಂಡವರೇ 2019ರಲ್ಲಿ ಹೆಚ್ಚು ಎಡವಿದ್ದು.

ಮೊದಲು ತೆಗೆಯಬೇಕಾದ್ದು ಹಿಂದಿನ ಸಂಸತ್ ಚುನಾವಣೆಯ ಫಲಿತಾಂಶ. ಕ್ಷೇತ್ರದ ಹೆಸರು ಹಾಕಿದರೆ ಸಿಗುತ್ತದೆ. ಶೇಕಡಾವಾರು ಸಾಲದು, ಮತಗಳ ಸಂಖ್ಯೆಯನ್ನೇ ಬರೆದುಕೊಳ್ಳಿ. ಗಡಿ ಬದಲಾಗಿದೆಯೇ ನೋಡಿ: 2024ರ ಚುನಾವಣೆ ಹೊಸ ಗಡಿಗಳ ಮೇಲೆ ನಡೆದದ್ದರಿಂದ 2019ರ ಅಂಕಿ ಹಾಗೆಯೇ ಹೊಂದುವುದಿಲ್ಲ. ಹೊಸ ಗಡಿಗೆ ಹಳೆಯ ಮತಗಳನ್ನು ಹಂಚಿ ಅಂದಾಜು ಮಾಡಿದ ಫಲಿತಾಂಶವನ್ನು ತಜ್ಞರು ಪ್ರಕಟಿಸಿರುತ್ತಾರೆ, ಅದನ್ನು ಬಳಸಿ.

ಆದರೆ ಹಳೆಯ ಫಲಿತಾಂಶವೇ ಅಂತಿಮವಲ್ಲ. ಕೆನ್ಸಿಂಗ್ಟನ್‌ನಲ್ಲಿ 2017ರಲ್ಲಿ ಲೇಬರ್ 20 ಮತಗಳಿಂದ ಗೆದ್ದಿತ್ತು, ಲಿಬ್ ಡೆಮ್ ದೂರದ ಮೂರನೆಯದು. ಆದರೆ 2019ರ ನವೆಂಬರಿನ ಒಂದು ಕ್ಷೇತ್ರ ಸಮೀಕ್ಷೆಯಲ್ಲಿ ಲಿಬ್ ಡೆಮ್ ಎರಡನೆಯ ಸ್ಥಾನಕ್ಕೆ ಬಂದು ಲೇಬರ್ ಮೂರಕ್ಕೆ ಇಳಿದಂತೆ ಕಂಡಿತು. ಲೆಕ್ಕಾಚಾರದ ಸಲಹೆ ಕೊಡುವ ಜಾಲತಾಣಗಳಲ್ಲೇ ಒಮ್ಮತವಿರಲಿಲ್ಲ, ಒಂದು ಲೇಬರ್ ಎಂದರೆ ಇನ್ನೊಂದು ಲಿಬ್ ಡೆಮ್ ಎಂದಿತು. ಎಣಿಕೆಯಲ್ಲಿ ಹಳೆಯ ಫಲಿತಾಂಶವೇ ಸರಿಯಾಗಿತ್ತು.

ಹಾಗಾದರೆ ಹಳೆಯದನ್ನೇ ನಂಬೋಣವೇ? ಅದೇ ರಾತ್ರಿ ಅದೇ ಲಂಡನ್ನಿನ ಫಿಂಚ್ಲಿ ಅಂಡ್ ಗೋಲ್ಡರ್ಸ್ ಗ್ರೀನ್ ನೋಡಿ. 2017ರಲ್ಲಿ ಲೇಬರ್ ಶೇ. 40 ದಾಟಿ ಎರಡನೆಯದಾಗಿತ್ತು, ಲಿಬ್ ಡೆಮ್ ಶೇ. 7ರ ಆಸುಪಾಸು. 2019ರಲ್ಲಿ ಕನ್ಸರ್ವೇಟಿವ್ 24,162, ಲಿಬ್ ಡೆಮ್ 17,600, ಲೇಬರ್ 13,347. ಹಳೆಯ ಪಟ್ಟಿ ನಂಬಿ ಲೇಬರ್‌ಗೆ ಹಾಕಿದವರು ಮೂರನೆಯವರಿಗೆ ಹಾಕಿದ್ದರು. ವಿಂಬಲ್ಡನ್‌ನಲ್ಲೂ ಇದೇ ಕತೆ: 2017ರಲ್ಲಿ ಎರಡನೆಯದಾಗಿದ್ದ ಲೇಬರ್ ಮೂರಕ್ಕಿಳಿದು, ಲಿಬ್ ಡೆಮ್ ಬರೀ 628 ಮತಗಳಿಂದ ಸೋತಿತು.

ಈ ಮೂರನ್ನೂ ಪಕ್ಕಪಕ್ಕ ಇಟ್ಟರೆ ಒಂದು ಸೂತ್ರ ಹೊರಡುತ್ತದೆ. ಹಾಲಿ ಸಂಸದರಿರುವ ಪಕ್ಷವನ್ನು ಮೂರನೆಯ ಸ್ಥಾನಕ್ಕೆ ತಳ್ಳುವ ಸಮೀಕ್ಷೆಯನ್ನು ಸುಲಭವಾಗಿ ನಂಬಬೇಡಿ. ಹಾಲಿ ಸಂಸದರ ಹೆಸರು, ಕಚೇರಿ, ಕಾರ್ಯಕರ್ತರ ಪಡೆ ಅಷ್ಟು ಬೇಗ ಕರಗುವುದಿಲ್ಲ. ಕೆನ್ಸಿಂಗ್ಟನ್‌ನಲ್ಲಿ ಲೇಬರ್‌ನ ಎಮ್ಮಾ ಡೆಂಟ್ ಕೋಡ್ ಹಾಲಿ ಸಂಸದೆ. ಫಿಂಚ್ಲಿ, ವಿಂಬಲ್ಡನ್‌ಗಳಲ್ಲಿ ಹಾಲಿ ಸಂಸದರು ಕನ್ಸರ್ವೇಟಿವರು, ಎದುರಾಳಿ ಸ್ಥಾನ ಖಾಲಿ ಬಿದ್ದಿತ್ತು. ಖಾಲಿ ಜಾಗದಲ್ಲಿ ಎರಡನೆಯವರು ಬದಲಾಗಬಹುದು.

ಸಮೀಕ್ಷೆಗಳಲ್ಲಿ ಎರಡು ಬಗೆ. ದೇಶಮಟ್ಟದ ಸಮೀಕ್ಷೆ ನಿಮ್ಮ ಕ್ಷೇತ್ರದ ಬಗ್ಗೆ ಏನೂ ಹೇಳದು. ಎಂಆರ್‌ಪಿ ಎನ್ನುವ ಬಗೆಯಲ್ಲಿ ಹತ್ತಾರು ಸಾವಿರ ಜನರನ್ನು ಕೇಳಿ, ವಯಸ್ಸು, ಓದು, ಹಿಂದಿನ ಮತ ಇವುಗಳ ಆಧಾರದಲ್ಲಿ ಪ್ರತಿ ಕ್ಷೇತ್ರಕ್ಕೂ ಅಂದಾಜು ಕಟ್ಟುತ್ತಾರೆ. 2017ರಲ್ಲಿ ಯಾರೂ ನಿರೀಕ್ಷಿಸದ ಕೆನ್ಸಿಂಗ್ಟನ್, ಕ್ಯಾಂಟರ್ಬರಿಗಳ ಲೇಬರ್ ಗೆಲುವಿನ ಸುಳಿವು ಕೊಟ್ಟದ್ದು ಯೂಗವ್ ಎಂಬ ಸಮೀಕ್ಷಾ ಸಂಸ್ಥೆಯ ಎಂಆರ್‌ಪಿ. 2019ರ ಕೊನೆಯ ಎಂಆರ್‌ಪಿಯಲ್ಲಿ ಅದೇ ಯೂಗವ್ ಕನ್ಸರ್ವೇಟಿವರಿಗೆ 339 ಸ್ಥಾನ ಕೊಟ್ಟಿತು, ಬಂದದ್ದು 365. ದಿಕ್ಕು ಸರಿ, ದೂರ ತಪ್ಪು. ಮೂರು ನಾಲ್ಕು ಎಂಆರ್‌ಪಿಗಳು ಎರಡನೆಯವರ ಬಗ್ಗೆ ಒಂದೇ ಹೆಸರು ಹೇಳಿದರೆ ನಂಬಿ. ಒಂದೊಂದು ಒಂದೊಂದು ಹೇಳಿದರೆ ಹಳೆಯ ಫಲಿತಾಂಶಕ್ಕೆ ಹೆಚ್ಚು ತೂಕ ಕೊಡಿ.

ಯುರೋಪಿಯನ್ ಸಂಸತ್ತಿನ ಚುನಾವಣೆಯನ್ನು ಅಳತೆಗೋಲು ಮಾಡಿಕೊಂಡವರು ಪೂರ್ತಿ ದಾರಿ ತಪ್ಪಿದರು. 2019ರ ಮೇ 23ರಂದು ನೈಜೆಲ್ ಫರಾಜ್‌ರ ಬ್ರೆಕ್ಸಿಟ್ ಪಾರ್ಟಿ ಶೇ. 30.5 ಮತ ಪಡೆದು ಮೊದಲ ಸ್ಥಾನದಲ್ಲಿತ್ತು, ಕನ್ಸರ್ವೇಟಿವ್ ಶೇ. 9ನ್ನೂ ಮುಟ್ಟಲಿಲ್ಲ. ಏಳು ತಿಂಗಳು ಕಳೆಯುವಷ್ಟರಲ್ಲಿ ಬ್ರೆಕ್ಸಿಟ್ ಪಾರ್ಟಿ ಶೇ. 2, ಸ್ಥಾನ ಸೊನ್ನೆ. ಅದು ಮತಕ್ಕೆ ತಕ್ಕ ಸ್ಥಾನ ಹಂಚುವ ಬೇರೆಯೇ ಪದ್ಧತಿಯ ಚುನಾವಣೆ, ಜನ ಅಲ್ಲಿ ಸಿಟ್ಟು ತೀರಿಸಿಕೊಂಡರು. ಸ್ಥಳೀಯ ಕೌನ್ಸಿಲ್ ಚುನಾವಣೆಯ ಫಲಿತಾಂಶ ಅದಕ್ಕಿಂತ ಉಪಯುಕ್ತ. ಯಾವ ಪಕ್ಷಕ್ಕೆ ನಿಮ್ಮ ಬೀದಿಯಲ್ಲಿ ಕಾರ್ಯಕರ್ತರಿದ್ದಾರೆ ಎಂಬುದನ್ನು ಅದು ತೋರಿಸುತ್ತದೆ.

ಕರಪತ್ರದ ಕಂಬಗಳು

ಬ್ರಿಟನ್ನಿನ ಚುನಾವಣೆಯಲ್ಲಿ ಬಾಗಿಲ ಸಂದಿಯಿಂದ ಒಳಬೀಳುವ ಕರಪತ್ರದಲ್ಲಿ ಒಂದು ಬಾರ್ ಚಾರ್ಟ್ ಇದ್ದೇ ಇರುತ್ತದೆ. "ಇಲ್ಲಿ ನಾವು ಮಾತ್ರ ಅವರನ್ನು ಸೋಲಿಸಬಲ್ಲೆವು" ಎಂಬ ಬರಹ, ಕೆಳಗೆ ಎರಡು ಎತ್ತರದ ಕಂಬ, ಮೂರನೆಯದು ಕುಳ್ಳು. ಈ ಕಲೆಯಲ್ಲಿ ಲಿಬ್ ಡೆಮ್ ಎಲ್ಲರಿಗಿಂತ ಪಳಗಿದ ಪಕ್ಷ, ಉಳಿದವರೂ ಸುಮ್ಮನಿಲ್ಲ.

2019ರಲ್ಲಿ ಕನ್ಸರ್ವೇಟಿವ್ ನಾಯಕ ಜೇಕಬ್ ರೀಸ್-ಮಾಗ್ ಅವರ ನಾರ್ತ್ ಈಸ್ಟ್ ಸಾಮರ್ಸೆಟ್‌ನಲ್ಲಿ ಹಂಚಿದ ಚಾರ್ಟ್‌ನಲ್ಲಿ ಲಿಬ್ ಡೆಮ್ ಕಂಬ ಕನ್ಸರ್ವೇಟಿವ್ ಕಂಬದ ಬೆನ್ನಿಗೇ ನಿಂತಿತ್ತು. ಕೆಳಗಿನ ಸಣ್ಣ ಅಕ್ಷರ ಓದಿದರೆ ಗುಟ್ಟು ಹೊರಬೀಳುತ್ತಿತ್ತು. ಜನರಿಗೆ ಕೇಳಿದ ಪ್ರಶ್ನೆಯ ಸಾರ ಇಷ್ಟು: ನಿಮ್ಮ ಕ್ಷೇತ್ರದಲ್ಲಿ ಕನ್ಸರ್ವೇಟಿವ್, ಲಿಬ್ ಡೆಮ್ ನಡುವೆಯೇ ಸ್ಪರ್ಧೆ, ಬೇರೆ ಯಾರೂ ಲೆಕ್ಕಕ್ಕಿಲ್ಲ ಎಂದು ಊಹಿಸಿಕೊಳ್ಳಿ, ಆಗ ಯಾರಿಗೆ ಹಾಕುತ್ತೀರಿ? ಉತ್ತರವನ್ನು ಪ್ರಶ್ನೆಯಲ್ಲೇ ತುರುಕಿ ಕೇಳುವುದೆಂದರೆ ಇದೇ. ಫಲಿತಾಂಶದಲ್ಲಿ ರೀಸ್-ಮಾಗ್ ಅರ್ಧಕ್ಕಿಂತ ಹೆಚ್ಚು ಮತ ಪಡೆದರು, ಲೇಬರ್ 13,631, ಲಿಬ್ ಡೆಮ್ 12,422.

ಹಾಗಾಗಿ ಚಾರ್ಟ್ ಕೈಗೆ ಬಂದರೆ ಮೊದಲು ಸಣ್ಣ ಅಕ್ಷರ ಓದಿ. ಅಂಕಿ ಯಾವ ಚುನಾವಣೆಯದು? ಯುರೋಪಿಯನ್ ಚುನಾವಣೆಯದನ್ನೋ ಕೌನ್ಸಿಲ್‌ನದನ್ನೋ ಸಂಸತ್ತಿನದೆಂಬಂತೆ ಹಾಕಿರಬಹುದು. ಇಡೀ ಕ್ಷೇತ್ರದ್ದೋ, ಒಂದೆರಡು ವಾರ್ಡಿನದೋ? ಕಂಬದ ಮೇಲೆ ಅಂಕಿ ಇದೆಯೇ? ಇಲ್ಲದಿದ್ದರೆ ಆ ಕಾಗದ ಮನೆಯ ಬೇರೆ ಕೆಲಸಕ್ಕೆ ಬರುತ್ತದೆ.

ಅಂತರವನ್ನೂ ಬುಟ್ಟಿಯನ್ನೂ ಅಳೆಯಿರಿ

ಎರಡನೆಯವರು ಯಾರೆಂದು ಗೊತ್ತಾದ ಮೇಲೆ ಉಳಿದದ್ದು ಸಣ್ಣ ಗಣಿತ. ಮೊದಲನೆಯವರಿಗೂ ಎರಡನೆಯವರಿಗೂ ಇರುವ ಅಂತರಕ್ಕೆ ಒಂದು ಕೂಡಿಸಿ, ಮೂರನೆಯವರ ಮತಗಳಿಂದ ಭಾಗಿಸಿ. ಮೂರನೆಯವರ ಬುಟ್ಟಿಯಿಂದ ಎಷ್ಟು ಪಾಲು ಬಂದರೆ ಸಾಕು ಎಂಬುದು ಸಿಗುತ್ತದೆ. ಕೆನ್ಸಿಂಗ್ಟನ್‌ನಲ್ಲಿ 9,312 ಲಿಬ್ ಡೆಮ್ ಮತಗಳಲ್ಲಿ 151 ಬಂದಿದ್ದರೆ ಸಾಕಿತ್ತು, ನೂರಕ್ಕೆ ಎರಡು ಕೂಡ ಅಲ್ಲ. ವಿಂಬಲ್ಡನ್‌ನಲ್ಲಿ ಲೇಬರ್‌ನ 12,543ರಲ್ಲಿ ನೂರಕ್ಕೆ ಐದು. ಸಿಟೀಸ್ ಆಫ್ ಲಂಡನ್ ಅಂಡ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಂತರ 3,953, ಬುಟ್ಟಿಯಲ್ಲಿ 11,624: ಮೂರರಲ್ಲಿ ಒಂದು ಪಾಲು ಬೇಕು. ಫಿಂಚ್ಲಿಯಲ್ಲಿ ಸರಿಸುಮಾರು ಅರ್ಧ. ನೂರಕ್ಕೆ ಹತ್ತರೊಳಗೆ ಇದ್ದರೆ ಲೆಕ್ಕಾಚಾರದ ಮತಕ್ಕೆ ನಿಜವಾದ ಬೆಲೆ. ಮೂರನೇ ಒಂದು ಭಾಗ ದಾಟಿದರೆ ಗಾಳಿಯೇ ತಿರುಗಬೇಕು.

ಇದರಲ್ಲಿ ಎರಡು ಒಳಸುಳಿ. ಮೊದಲನೆಯದು, ಬುಟ್ಟಿಯ ತಳ. ವಿಂಚೆಸ್ಟರ್‌ನಲ್ಲಿ ಲಿಬ್ ಡೆಮ್ 985 ಮತಗಳಿಂದ ಸೋತಿತು, ಲೇಬರ್‌ಗೆ 2,723 ಮತ ಬಿದ್ದಿದ್ದವು. ಕಾಗದದ ಮೇಲೆ ಸುಲಭ. ಆದರೆ ಅಲ್ಲಿ ಲೇಬರ್ ಶೇ. 5ಕ್ಕಿಂತ ಕೆಳಗಿಳಿದು 500 ಪೌಂಡಿನ ಠೇವಣಿಯನ್ನೇ ಕಳೆದುಕೊಂಡಿತ್ತು. (ನಮ್ಮಲ್ಲಿ ಠೇವಣಿ ಉಳಿಸಿಕೊಳ್ಳಲು ಆರನೇ ಒಂದು ಭಾಗ ಬೇಕು, ಅಲ್ಲಿ ಶೇ. 5 ಸಾಕು.) ಬರುವವರೆಲ್ಲ ಆಗಲೇ ಬಂದಾಗಿತ್ತು. ಉಳಿದ 2,723 ಜನ ಆಕಾಶ ಬಿದ್ದರೂ ಪಕ್ಷ ಬಿಡದವರು. ಎರಡನೆಯದು, ಎದುರಾಳಿಯಿಂದ ನೇರವಾಗಿ ಬಂದ ಮತಕ್ಕೆ ಇಮ್ಮಡಿ ತೂಕ: ಅವರದು ಒಂದು ಕಡಿಮೆ, ನಿಮ್ಮದು ಒಂದು ಹೆಚ್ಚು. ಮೂರನೆಯವರ ಇಬ್ಬರನ್ನು ಒಲಿಸುವುದೂ ಮೊದಲನೆಯವರ ಒಬ್ಬರನ್ನು ಒಲಿಸುವುದೂ ಒಂದೇ.

ಬ್ರೆಕ್ಸಿಟ್ ಬೇಕೆಂದವರಿಗೂ ಇದೇ ಗಣಿತ. ಹಾರ್ಟ್‌ಲ್‌ಪೂಲ್‌ನಲ್ಲಿ ಲೇಬರ್ 15,464 ಮತ ಪಡೆದು ಗೆದ್ದಿತು; ಕನ್ಸರ್ವೇಟಿವ್ 11,869, ಬ್ರೆಕ್ಸಿಟ್ ಪಾರ್ಟಿಯ ರಿಚರ್ಡ್ ಟೈಸ್ 10,603. ಎರಡನ್ನೂ ಕೂಡಿಸಿ ನೋಡಿ. ಪಕ್ಕದ ಯಾರ್ಕ್‌ಶೈರ್‌ನ ಬಾರ್ನ್‌ಸ್ಲಿ ಸೆಂಟ್ರಲ್‌ನಲ್ಲಿ ತಿರುಗುಮುರುಗು: ಎರಡನೆಯದು ಬ್ರೆಕ್ಸಿಟ್ ಪಾರ್ಟಿ, 3,571ರಷ್ಟು ಹಿಂದೆ, ಮತ ಒಡೆದದ್ದು 7,892 ಪಡೆದ ಕನ್ಸರ್ವೇಟಿವ್. ಯಾರು ಯಾರ ಬಿ ಟೀಮ್ ಎಂಬುದು ಕ್ಷೇತ್ರಕ್ಕೊಂದು ತರಹ.

ಪಕ್ಷಗಳೇ ಹಿಂದೆ ಸರಿದರೆ

ಮತದಾರರು ಒಬ್ಬೊಬ್ಬರೇ ಲೆಕ್ಕ ಹಾಕುವುದಕ್ಕಿಂತ ಪಕ್ಷವೇ ಅಭ್ಯರ್ಥಿಯನ್ನು ಇಳಿಸದಿರುವುದು ನೂರು ಪಾಲು ಪರಿಣಾಮಕಾರಿ. ಅದಕ್ಕೆ ವೇಲ್ಸ್‌ನ ಬ್ರೆಕನ್ ಅಂಡ್ ರಾಡ್ನರ್‌ಶೈರ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. 2019ರ ಆಗಸ್ಟ್ 1ರ ಉಪಚುನಾವಣೆಯಲ್ಲಿ ಪ್ಲೈಡ್ ಮತ್ತು ಗ್ರೀನ್ ಹಿಂದೆ ಸರಿದವು, ಲಿಬ್ ಡೆಮ್‌ನ ಜೇನ್ ಡಾಡ್ಸ್ 13,826 ಪಡೆದು 1,425 ಮತಗಳಿಂದ ಗೆದ್ದರು. ಬ್ರೆಕ್ಸಿಟ್ ಪಾರ್ಟಿಗೆ ಹೋದದ್ದು 3,331. ಡಿಸೆಂಬರಿನಲ್ಲಿ ಅದೇ ಕ್ಷೇತ್ರದಲ್ಲಿ ಬ್ರೆಕ್ಸಿಟ್ ಪಾರ್ಟಿ ಇರಲಿಲ್ಲ. ಡಾಡ್ಸ್ ಅವರ ಮತ 14,827ಕ್ಕೆ ಏರಿತು, ಆದರೂ 7,131 ಮತಗಳಿಂದ ಸೋತರು.

ನಡುವೆ ಆದದ್ದೇನೆಂದರೆ, ನವೆಂಬರ್ 11ರಂದು ಫರಾಜ್, ಕನ್ಸರ್ವೇಟಿವರು 2017ರಲ್ಲಿ ಗೆದ್ದಿದ್ದ 317 ಕ್ಷೇತ್ರಗಳಲ್ಲಿ ತಮ್ಮವರನ್ನು ನಿಲ್ಲಿಸುವುದಿಲ್ಲ ಎಂದುಬಿಟ್ಟರು. ಒಂದೇ ಘೋಷಣೆ, ಅರ್ಧ ದೇಶದಲ್ಲಿ ಒಂದು ಕಡೆಯ ಮತ ಒಡೆಯುವುದು ನಿಂತಿತು. ಇನ್ನೊಂದು ಕಡೆ ಲಿಬ್ ಡೆಮ್, ಗ್ರೀನ್, ಪ್ಲೈಡ್ ಮೂರೂ 60 ಕ್ಷೇತ್ರಗಳಲ್ಲಿ ಹೊಂದಾಣಿಕೆ ಮಾಡಿಕೊಂಡವು, ಆದರೆ ಲೇಬರ್ ಅದರಲ್ಲಿರಲಿಲ್ಲ. ಲೇಬರ್ ಇಲ್ಲದ ಹೊಂದಾಣಿಕೆ ಉಪ್ಪಿಲ್ಲದ ಸಾರು. ಮತ್ತೊಂದು ಜನಮತಗಣನೆ ಬಯಸಿದ ಪಕ್ಷಗಳ ಮತ ಕೂಡಿಸಿದರೆ ಶೇ. 50ರ ಮೇಲಿತ್ತು, ಶೇ. 43.6 ಪಡೆದ ಬೋರಿಸ್ ಜಾನ್ಸನ್‌ಗೆ 80 ಸ್ಥಾನಗಳ ಬಹುಮತ ಬಂತು. ಲೇಬರ್ ಮತದಾರರಲ್ಲಿ ಬ್ರೆಕ್ಸಿಟ್ ಬೇಕೆಂದವರೂ ಇದ್ದರು ನಿಜ. ಆದರೂ ಒಂದು ಕಡೆ ಹೊಂದಾಣಿಕೆಯನ್ನು ಪಕ್ಷ ಮಾಡಿತು, ಇನ್ನೊಂದು ಕಡೆ ಮತದಾರನ ತಲೆಗೆ ಕಟ್ಟಲಾಯಿತು ಎಂಬುದೇ ಆ ಚುನಾವಣೆಯ ನಿಜವಾದ ವ್ಯತ್ಯಾಸ ಎನ್ನಬೇಕು.

ಅಭ್ಯರ್ಥಿ ಹಿಂದೆ ಸರಿಯುವ ಸುದ್ದಿ ಬಂದರೆ ದಿನಾಂಕ ನೋಡಿ. ನಾಮಪತ್ರದ ಗಡುವು ಮತದಾನಕ್ಕೆ 19 ಕೆಲಸದ ದಿನ ಮುಂಚೆ ಸಂಜೆ 4ಕ್ಕೆ ಮುಗಿಯುತ್ತದೆ. ಅದಾದ ಮೇಲೆ ಯಾರು ಏನು ಹೇಳಿದರೂ ಹೆಸರು ಮತಪತ್ರದಲ್ಲಿ ಇದ್ದೇ ಇರುತ್ತದೆ, ಗೊತ್ತಿಲ್ಲದವರು ಹಾಕುತ್ತಲೂ ಇರುತ್ತಾರೆ. ಗಡುವಿಗೆ ಮುಂಚೆ ಸರಿದರೂ ಖಾತರಿಯಿಲ್ಲ: ಕ್ಯಾಂಟರ್ಬರಿಯಲ್ಲಿ ಲಿಬ್ ಡೆಮ್ ಅಭ್ಯರ್ಥಿ ಲೇಬರ್‌ನ ರೋಸಿ ಡಫೀಲ್ಡ್ ಅವರಿಗಾಗಿ ಹಿಂದೆ ಸರಿದರೆ, ಪಕ್ಷ ಬೇರೊಬ್ಬರನ್ನು ತಂದು ನಿಲ್ಲಿಸಿತು. ಹೈಕಮಾಂಡ್ ಎಲ್ಲಾ ಕಡೆ ಒಂದೇ. ಡಫೀಲ್ಡ್ ಆದರೂ ಗೆದ್ದರು.

ಇದೇ ಗಣಿತ ಸರಿಯಾಗಿ ಕೂಡಿಬಂದರೆ ಏನಾಗುತ್ತದೆ ಎಂಬುದಕ್ಕೆ 2019, 2024ರ ಲಿಬ್ ಡೆಮ್ ಸಾಲುಗಳನ್ನು ನೋಡಿ: ಶೇ. 11.6ಕ್ಕೆ 11 ಸ್ಥಾನ, ಐದು ವರ್ಷದ ಮೇಲೆ ಶೇ. 12.2ಕ್ಕೆ 72 ಸ್ಥಾನ. ಕನ್ಸರ್ವೇಟಿವರ ಮತ ಕುಸಿದದ್ದು ದೊಡ್ಡ ಕಾರಣ. ಜೊತೆಗೆ ಲೇಬರ್ ಮತ್ತು ಲಿಬ್ ಡೆಮ್ ಬಾಯಿಬಿಟ್ಟು ಒಪ್ಪಂದ ಮಾಡಿಕೊಳ್ಳದೆಯೇ ತಮ್ಮ ತಮ್ಮ ಗುರಿಯ ಕ್ಷೇತ್ರಗಳಿಗಷ್ಟೇ ಬಲ ಹಾಕಿದವು.

ಮತ ಹಾಕುವ ದಿನ

ಅಂಚೆ ಮತ ಬೇಕಾದರೆ 11 ಕೆಲಸದ ದಿನ ಮುಂಚೆ ಸಂಜೆ 5ರೊಳಗೆ ಅರ್ಜಿ ಹಾಕಬೇಕು. ಆದರೆ ಲೆಕ್ಕಾಚಾರದವರಿಗೆ ಅಂಚೆ ಮತದಲ್ಲಿ ಒಂದು ತೊಡಕು: ಮತಪತ್ರ ಎರಡು ಮೂರು ವಾರ ಮುಂಚೆಯೇ ಬರುತ್ತದೆ, ಬಂದ ದಿನವೇ ತುಂಬಿ ಕಳಿಸಿದರೆ ಕೊನೆಯ ವಾರದ ಸಮೀಕ್ಷೆಗಳಿಂದ ಪ್ರಯೋಜನವಿಲ್ಲ. ಇಟ್ಟುಕೊಂಡು, ಮತದಾನದ ದಿನ ರಾತ್ರಿ 10ರೊಳಗೆ ನಿಮ್ಮ ಕ್ಷೇತ್ರದ ಮತಗಟ್ಟೆಗೆ ಒಯ್ದು ಕೊಡಬಹುದು. ಅಲ್ಲಿ ಒಂದು ನಮೂನೆ ತುಂಬಿಸಿಕೊಳ್ಳುತ್ತಾರೆ. ಸಹಿ ಮತ್ತು ಹುಟ್ಟಿದ ದಿನಾಂಕ ಅರ್ಜಿಯಲ್ಲಿದ್ದಂತೆಯೇ ಇರಬೇಕು. ಅಂದಿನ ದಿನಾಂಕವನ್ನೇ ಹುಟ್ಟಿದ ದಿನಾಂಕದ ಜಾಗದಲ್ಲಿ ಬರೆದು ಮತ ಕಳೆದುಕೊಳ್ಳುವವರುಂಟು. ಆ ದಿನ ಊರಲ್ಲಿರುವುದಿಲ್ಲ ಎಂದಾದರೆ ನಿಮ್ಮ ಪರವಾಗಿ ಬೇರೊಬ್ಬರು ಮತ ಹಾಕುವ ಪ್ರಾಕ್ಸಿಯೂ ಇದೆ, ಗಡುವು 6 ಕೆಲಸದ ದಿನ ಮುಂಚೆ.

ಬೇರೆ ಕ್ಷೇತ್ರದವರ ಜೊತೆ ಮತ ಅದಲುಬದಲು ಮಾಡಿಕೊಳ್ಳುವ ಜಾಲತಾಣಗಳೂ ಇವೆ: ನೀವು ನನ್ನ ಪಕ್ಷಕ್ಕೆ ಹಾಕಿ, ನಾನು ನಿಮ್ಮದಕ್ಕೆ ಹಾಕುತ್ತೇನೆ. ದುಡ್ಡು ಕೈ ಬದಲಾಗದಿದ್ದರೆ ತಪ್ಪಲ್ಲ. ಆದರೆ ಗುಟ್ಟಿನ ಮತದಾನದಲ್ಲಿ ಎದುರಿನವರು ಮಾತು ಉಳಿಸಿಕೊಂಡರೇ ಎಂದು ತಿಳಿಯುವ ದಾರಿ ಇಲ್ಲ.

2023ರಿಂದ ಮತಗಟ್ಟೆಯಲ್ಲಿ ಭಾವಚಿತ್ರವಿರುವ ಗುರುತು ತೋರಿಸಬೇಕು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ, ಅವಧಿ ಮುಗಿದಿದ್ದರೂ ಮುಖ ಹೋಲಿದರೆ ಸರಿ. ಆಧಾರ್, ಭಾರತದ ಡ್ರೈವಿಂಗ್ ಲೈಸೆನ್ಸ್ ನಡೆಯುವುದಿಲ್ಲ. ಏನೂ ಇಲ್ಲದಿದ್ದರೆ ಮತದಾರರ ಗುರುತಿನ ಪ್ರಮಾಣಪತ್ರವನ್ನು ಉಚಿತವಾಗಿ ಪಡೆಯಬಹುದು, ಅದಕ್ಕೂ 6 ಕೆಲಸದ ದಿನಗಳ ಗಡುವು. ನಿಯಮಗಳು ಆಗಾಗ ತಿದ್ದುಪಡಿಯಾಗುವುದರಿಂದ ಪ್ರತಿ ಚುನಾವಣೆಗೂ ಎಲೆಕ್ಟೋರಲ್ ಕಮಿಷನ್ ತಾಣ ನೋಡಿಕೊಳ್ಳಿ.

ಮತಯಂತ್ರವಿಲ್ಲ, ನೋಟಾ ಕೂಡ ಇಲ್ಲ. ಕಾಗದ, ದಾರ ಕಟ್ಟಿದ ಪೆನ್ಸಿಲ್ಲು, ಒಂದೇ ಚೌಕದಲ್ಲಿ ಒಂದು ಗುಣಿಸು ಗುರುತು. ಕೈತಪ್ಪಿ ಬೇರೆ ಚೌಕಕ್ಕೆ ಹಾಕಿದರೆ ಪೆಟ್ಟಿಗೆಗೆ ಹಾಕುವ ಮುಂಚೆ ಸಿಬ್ಬಂದಿಗೆ ಹೇಳಿ, ಹಾಳಾದದ್ದನ್ನು ವಾಪಸು ಪಡೆದು ಹೊಸದು ಕೊಡುತ್ತಾರೆ. ಬಾಗಿಲು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ. ಹತ್ತು ಹೊಡೆಯುವಾಗ ನೀವು ಸಾಲಿನಲ್ಲಿ ನಿಂತಿದ್ದರೆ ಮತ ಹಾಕಲು ಬಿಡಲೇಬೇಕು, ಅಲ್ಲಿಂದ ಕದಲಬೇಡಿ.